ತೊಳೆದರೆ ಹೋಗದ ಚುಕ್ಕೆ



ಇವತ್ತು ಧರಣಿ ಇಲ್ಲ, ಮನವಿ ಪತ್ರ ಇಲ್ಲ, ಎಫ್‌ಐಆರ್ ಸುದ್ದಿಯೂ ಇಲ್ಲ. ಕಾರು ಉಜ್ಜಿದ ಕಥೆ ಬರೀತಿದೀನಿ. "ಇವನಿಗೇನಾಯ್ತಪ್ಪ" ಅಂತ ಮುಂದಕ್ಕೆ ತಳ್ಳಬೇಡಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಈ ಸಲ ತಪ್ಪು ಬೇರೆಯವರದ್ದಲ್ಲ, ನನ್ನದೇ. ಅದಕ್ಕೇ ಎಲ್ಲರ ಮುಂದೆ ಬರೀತಿದೀನಿ.

ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೊ ತಗೊಂಡೆ. 2012ರ ಮಾಡೆಲ್, ಬಿಳಿ ಬಣ್ಣ. ನಮ್ಮ ಮನೆತನದಲ್ಲಿ ನಾಲ್ಕು ಚಕ್ರದ ಗಾಡಿ ಅಂತ ಬಂದದ್ದು ಇದೇ ಮೊದಲು. ನಾನು ಆಫೀಸಿನಲ್ಲಿ ಗುಮಾಸ್ತ, ಸಂಬಳ ಎಷ್ಟು ಅಂತ ನಿಮಗೆ ಗೊತ್ತು. ಮೂರು ವರ್ಷದ ಕಂತಿನ ಸಾಲ. ಊರಿಂದ ಊರಿಗೆ ಮೀಟಿಂಗ್‌ಗೆ ಓಡಾಡೋಕೆ, ರಾತ್ರಿ ಹೊತ್ತು ಯಾವುದಾದರೂ ಕೇರಿಯಿಂದ ಫೋನ್ ಬಂದರೆ ಬಸ್ಸಿಗೆ ಕಾಯದೆ ಹೊರಡೋಕೆ ಬೇಕಿತ್ತು.

ಹಳೇ ಮಾಲೀಕರ ಮನೆ ರೈಲ್ವೆ ಹಳಿಯ ಪಕ್ಕ. ಕಾರು ಹತ್ತು ವರ್ಷ ಅಲ್ಲೇ ಬಯಲಲ್ಲಿ ನಿಂತಿದ್ದು. ಮನೆಗೆ ತಂದು ಬೆಳಕಲ್ಲಿ ನೋಡಿದರೆ ಬಾನೆಟ್ ಮೇಲೆ, ಡೋರ್ ಮೇಲೆ ರಾಗಿ ಕಾಳಿಗಿಂತ ಸಣ್ಣ ಸಣ್ಣ ಕಂದು ಚುಕ್ಕೆಗಳು. ನೂರಾರು. ಶಾಂಪೂ ಹಾಕಿ ತೊಳೆದೆ, ಹೋಗಲಿಲ್ಲ. ಉಗುರಲ್ಲಿ ಕೆರೆದೆ, ಹೋಗಲಿಲ್ಲ. "ತುಕ್ಕು ಹಿಡಿದದೆ ಸಾರ್, ಪೂರ್ತಿ ಪೇಂಟ್ ಮಾಡಿಸಬೇಕು" ಅಂದ ಗ್ಯಾರೇಜಿನವನು. ಅವನು ಹೇಳಿದ ರೇಟು ಕೇಳಿ ಸುಮ್ಮನಾದೆ. ದೂರದಿಂದ ನೋಡಿದರೆ ಬಿಳಿ ಕಾರು ಬಿಳಿಯಾಗೇ ಕಾಣುತ್ತೆ, ಹತ್ತಿರ ಯಾರು ಬಂದು ನೋಡ್ತಾರೆ ಅಂದುಕೊಂಡೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ನಮ್ಮಣ್ಣನ ಮಗ ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋದ. ಬ್ಯಾಂಕಿನ ಕೆಲಸವೋ ಅಕೌಂಟ್ಸೋ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಕಾರ್ ಡೀಟೇಲಿಂಗ್ ಅಂಗಡಿಯಲ್ಲಿದ್ದಾನೆ ಅಂತ. ಅಂದರೆ ಕಾರು ತೊಳೆದು, ಉಜ್ಜಿ, ಪಾಲಿಶ್ ಮಾಡೋ ಕೆಲಸ. ಯುಗಾದಿಗೆ ಊರಿಗೆ ಹೋಗಿದ್ದಾಗ ಊಟಕ್ಕೆ ಕೂತ ಹೊತ್ತಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ನಿಮ್ಮಜ್ಜ ತೊಗಲು ತೊಳೆದ. ನಿಮ್ಮಪ್ಪ ಚರಂಡಿ ಬಳಿದ. ನೀನು ಬಿ.ಕಾಂ. ಓದಿ ಊರೋರ ಕಾರು ತೊಳೀತೀಯೇನ್ಲಾ? ಇದಕ್ಕಾ ನಾವು ಹೋರಾಟ ಮಾಡಿದ್ದು?"

ಹುಡುಗ ತಲೆ ಎತ್ತಲಿಲ್ಲ. ನಮ್ಮಣ್ಣ ಅರ್ಧ ಊಟಕ್ಕೇ ಕೈ ತೊಳೆದು ಎದ್ದು ಹೋದ. ನಮ್ಮಣ್ಣ ಪೌರಕಾರ್ಮಿಕ. ಅವನ ಸಂಬಳದಲ್ಲೇ ನಾನು ಬಿ.ಎ. ಮಾಡಿದ್ದು. ಆ ಮಾತು ಆಡುವಾಗ ಅದು ನನಗೆ ನೆನಪಾಗಲಿಲ್ಲ ನೋಡಿ. ವೇದಿಕೆ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಭಾಷಣ ಮಾಡೋ ರೋಗ ಹಿಡಿದಿದೆ ನನಗೆ.

ಅದಾಗಿ ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅವನೇ ಫೋನ್ ಮಾಡಿದ. "ಚಿಕ್ಕಪ್ಪ, ನಾಳೆ ರಜಾ ಐತೆ. ಮನೆಗೆ ಬತ್ತೀನಿ. ನಿಮ್ಮ ಕಾರು ನೋಡಬೇಕು." ಯುಗಾದಿ ಮಾತು ಎತ್ತಲೇ ಇಲ್ಲ.

ಬೆಳಗ್ಗೆ ಏಳಕ್ಕೇ ಬಂದ. ಹೆಗಲಲ್ಲಿ ಒಂದು ಬ್ಯಾಗು. ಕಾರನ್ನ ಬಿಸಿಲಿಂದ ತೆಗೆದು ಬೇವಿನ ಮರದ ನೆರಳಿಗೆ ನಿಲ್ಲಿಸಿದ. ಬಾಡಿ ಬಿಸಿ ಇರಬಾರದಂತೆ, ಹಾಕಿದ್ದು ಹಾಕಿದಂಗೇ ಒಣಗಿ ಕಲೆ ಕೂರುತ್ತಂತೆ. ಎರಡು ಬಕೆಟ್ ಇಟ್ಟ. ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ಬರೀ ನೀರು. ಬಟ್ಟೆಯಲ್ಲಿ ಒರೆಸಿದ ಮಣ್ಣನ್ನ ಬರೀ ನೀರಲ್ಲಿ ಜಾಲಿಸಿ ಆಮೇಲೆ ಶಾಂಪೂ ನೀರಿಗೆ ಅದ್ದುತ್ತಿದ್ದ. ಇಲ್ಲದಿದ್ದರೆ ಅದೇ ಮರಳಲ್ಲಿ ಕಾರು ಉಜ್ಜಿದಂಗೆ ಆಗಿ ಗೀರು ಬೀಳುತ್ತೆ. ಅಷ್ಟು ದಿನ ನಾನು ಮಾಡಿದ್ದು ಅದನ್ನೇ.

ತೊಳೆದಾದ ಮೇಲೆ ಕೇಳಿದ. "ಚಿಕ್ಕಪ್ಪ, ಈಗ ಕ್ಲೀನಾ?"

"ಹೂಂ, ಚುಕ್ಕೆ ಬಿಟ್ಟರೆ ಕ್ಲೀನೇ."

ತರಕಾರಿ ತರೋ ತೆಳ್ಳನೆ ಪ್ಲಾಸ್ಟಿಕ್ ಕವರ್ ಕೊಟ್ಟು, "ಇದರೊಳಗೆ ಕೈ ಹಾಕ್ಕೊಂಡು ಬಾನೆಟ್ ಮೇಲೆ ಮೆಲ್ಲಗೆ ಆಡಿಸಿ" ಅಂದ. ಆಡಿಸಿದೆ. ಮೈ ಜುಂ ಅಂತು. ಬರಿಗೈಗೆ ನುಣ್ಣಗಿದ್ದ ಬಾನೆಟ್ಟು ಕವರ್ ಹಾಕಿದ ಕೈಗೆ ಮರಳು ಕಾಗದದ ಥರ ತರಿತರಿ. ಕಂದು ಚುಕ್ಕೆ ಇರೋ ಕಡೆ ಮಾತ್ರ ಅಲ್ಲ, ಬೆಳ್ಳಗೆ ಹೊಳೀತಿರೋ ಕಡೆಯೂ ತರಿತರಿ. ಕೈ ಚರ್ಮಕ್ಕೂ ಬಣ್ಣಕ್ಕೂ ನಡುವೆ ತೆಳು ಹಾಳೆ ಜಾರುವಾಗ ಸಣ್ಣ ಕಾಳೂ ಗೊತ್ತಾಗುತ್ತೆ. "ಕಣ್ಣನ್ನ ನಂಬಬೇಡಿ ಚಿಕ್ಕಪ್ಪ. ನಮ್ಮ ಕೆಲಸದಲ್ಲಿ ಕೈಯೇ ಕಣ್ಣು" ಅಂದ.

ಆ ಚುಕ್ಕೆ ಏನು ಅಂತ ಅವನೇ ಬಿಡಿಸಿ ಹೇಳಿದ. ರೈಲಿನ ಗಾಲಿ ಹಳಿಗೆ ಉಜ್ಜಿದಾಗ, ನಮ್ಮ ಗಾಡಿಗಳದ್ದೇ ಬ್ರೇಕ್ ಹಿಡಿದಾಗ ಕಬ್ಬಿಣದ ಪುಡಿ ಹಾರುತ್ತೆ. ಅದು ಬಿಸಿಯಾಗಿ ಬಂದು ಬಣ್ಣದ ಮೇಲಿನ ಪದರದಲ್ಲಿ ಚುಚ್ಚಿಕೊಂಡು ಕೂರುತ್ತೆ. ಮಳೆಗೆ, ಮಂಜಿಗೆ ಅಲ್ಲೇ ತುಕ್ಕು ಹಿಡಿದು ಕಂದು ಚುಕ್ಕೆ ಆಗುತ್ತೆ. ಕಾರಿನ ತಗಡಿಗೆ ತುಕ್ಕು ಹಿಡಿದಿಲ್ಲ, ಹೊರಗಿಂದ ಬಂದದ್ದಕ್ಕೆ ತುಕ್ಕು ಹಿಡಿದಿದೆ. ಕಾರಿನ ಮೇಲ್ಪದರ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ತಲೆಕೂದಲಿಗಿಂತ ತೆಳು. ಅದಕ್ಕೇ ಸ್ಕ್ರಬ್ಬರ್ ಹಾಕಿ ತಿಕ್ಕಿದರೆ ಚುಕ್ಕೆ ಜೊತೆ ಬಣ್ಣವೂ ಹೋಗುತ್ತೆ.

ಮೊದಲು ಒಂದು ದ್ರಾವಣ ಚಿಮುಕಿಸಿದ. ಎರಡೇ ನಿಮಿಷಕ್ಕೆ ಬಿಳಿ ಕಾರಿನ ಮೈ ಮೇಲೆಲ್ಲ ನೇರಳೆ ನೀರು ಇಳಿಯೋಕೆ ಶುರುವಾಯ್ತು, ನೇರಳೆ ಹಣ್ಣು ಹಿಂಡಿದಂಗೆ. ಕಬ್ಬಿಣ ಇದ್ದ ಕಡೆಯೆಲ್ಲ ಬಣ್ಣ ಬದಲಾಗುತ್ತೆ. ನಾನು ಬೆಳ್ಳಗಿದೆ ಅಂದುಕೊಂಡ ಡೋರ್ ಮೇಲೇ ಜಾಸ್ತಿ ಇಳೀತಿತ್ತು. ಒಣಗೋಕೆ ಬಿಡದೆ ನೀರು ಹೊಡೆದು ತೊಳೆದ.

ಆಮೇಲೆ ಬ್ಯಾಗಿಂದ ತೆಗೆದ ನೋಡಿ, ಸೋಪಿನಷ್ಟು ದಪ್ಪದ ನೀಲಿ ಮುದ್ದೆ. "ಇದೇ ಕ್ಲೇ." ಹೆಸರಿಗೆ ಜೇಡಿಮಣ್ಣು, ಆದರೆ ಹೊಲದ ಮಣ್ಣಲ್ಲ. ರಬ್ಬರಿನಂಥ ಮೆತ್ತನೆ ಅಂಟು ವಸ್ತುವಿಗೆ ಹಿಟ್ಟಿಗಿಂತ ನುಣ್ಣನೆಯ ಪುಡಿ ಸೇರಿಸಿ ಮಾಡಿರೋದು. ಜಪಾನಿನವರು ಕಂಡುಹಿಡಿದದ್ದಂತೆ. ಬಿಸಿನೀರಲ್ಲಿ ಸ್ವಲ್ಪ ಹೊತ್ತಿಟ್ಟು, ಒಂದು ತುಂಡು ಕಿತ್ತು, ನಮ್ಮವ್ವ ರೊಟ್ಟಿಗೆ ಹಿಟ್ಟು ನಾದೋ ಹಂಗೆ ನಾದಿ, ಅಂಗೈಯಗಲ ತಟ್ಟಿದ. ಸ್ಪ್ರೇ ಬಾಟಲಿಯಲ್ಲಿ ಶಾಂಪೂ ಬೆರೆಸಿದ ನೀರು. ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ಧಾರಾಳವಾಗಿ ಹೊಡೆದು, ಕ್ಲೇಯನ್ನ ಬೆರಳ ತುದಿಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ನೆಟ್ಟಗೆ ಆಡಿಸಿದ. ಸುತ್ತು ಸುತ್ತಾಗಿ ಅಲ್ಲ. ಒತ್ತಲೂ ಇಲ್ಲ.

"ಸದ್ದು ಕೇಳಿ."

ಮೊದಲು ಸರ್ ಸರ್ ಅಂತ ತಡೆದು ತಡೆದು ಹೋಗ್ತಿತ್ತು. ಹತ್ತು ಹನ್ನೆರಡು ಸಲ ಆಡಿಸೋ ಹೊತ್ತಿಗೆ ಸದ್ದು ನಿಂತು ಬೆಣ್ಣೆ ಮೇಲೆ ಹೋದಂಗೆ ಜಾರಿತು. ಸದ್ದು ನಿಂತರೆ ಆ ಜಾಗ ಮುಗೀತು ಅಂತ ಲೆಕ್ಕ. ಮುದ್ದೆ ತಿರುಗಿಸಿ ತೋರಿಸಿದ. ನೀಲಿ ಮೇಲೆ ಕಂದು, ಕಪ್ಪು ಗೆರೆಗಳು. ಹತ್ತು ವರ್ಷದ ರೈಲು. ಮಡಚಿ ಇನ್ನೊಮ್ಮೆ ನಾದಿ ಹೊಸ ಮೈ ಹೊರಗೆ ತಂದ.

ನಾನೂ ಒಂದು ತುಂಡು ಇಸ್ಕೊಂಡೆ. ಎಡಗಡೆ ಡೋರ್ ನನಗೆ ಕೊಟ್ಟ. ಐದು ನಿಮಿಷಕ್ಕೆ ಕೈಜಾರಿ ಕ್ಲೇ ನೆಲಕ್ಕೆ ಬಿತ್ತು. ಎತ್ತಿ ತೊಳೆಯೋಕೆ ಹೋದೆ. "ಬಿಸಾಕಿ ಚಿಕ್ಕಪ್ಪ! ಒಂದು ಮರಳಿನ ಕಾಳು ಅಂಟಿದ್ರೂ ಸಾಕು, ಡೋರ್ ಪೂರ್ತಿ ಗೀರು." ನಲವತ್ತು ದಾಟಿದ ನನಗೆ ಇಪ್ಪತ್ತಮೂರರ ಹುಡುಗ ಗದರಿದ. ಗದರಿಸಿಕೊಂಡೆ. ಇನ್ನೊಂದು ತುಂಡು ಕೊಟ್ಟ.

ಅವನು ಕೆಲಸ ಮಾಡೋದನ್ನ ನೋಡ್ತಾ ಇದ್ದಾಗ ನಮ್ಮಪ್ಪ ನೆನಪಾದ. ಅಪ್ಪ ಮೆಟ್ಟು ಹೊಲೀತಿದ್ದ. ತಂಗಡಿ ಚಕ್ಕೆ ನೀರಲ್ಲಿ ಹದ ಮಾಡಿದ ತೊಗಲು ತಂದರೆ ರಂಪಿಗೆ ಹಿಡಿಯೋಕೆ ಮುಂಚೆ ಕಣ್ಣು ಮುಚ್ಚಿ ಅದರ ಮೇಲೆ ಅಂಗೈ ಆಡಿಸ್ತಿದ್ದ. "ಇಲ್ಲಿ ಉಣ್ಣೆ ಕಚ್ಚದೆ. ಇಲ್ಲಿ ಬಾರುಕೋಲಲ್ಲಿ ಹೊಡೆದವ್ರೆ" ಅಂತಿದ್ದ. ಎತ್ತು ಸತ್ತು ತಿಂಗಳಾದ ಮೇಲೂ ಅದು ತಿಂದ ಏಟು ಅಪ್ಪನ ಕೈಗೆ ಸಿಗ್ತಿತ್ತು. ಆ ಜಾಗ ಬಿಟ್ಟು ಕತ್ತರಿಸ್ತಿದ್ದ. ಊರಲ್ಲಿ ಅದನ್ನ ಯಾರೂ ವಿದ್ಯೆ ಅನ್ನಲಿಲ್ಲ. ಮೆಟ್ಟು ಬೇಕಾಗಿತ್ತು, ಹೊಲಿದ ಕೈ ಬೇಕಾಗಿರಲಿಲ್ಲ. ಜಗಲಿ ಕೆಳಗೆ ಇಟ್ಟು ದೂರ ನಿಲ್ಲಬೇಕಿತ್ತು. ಊರಿನವರು ಅನ್ನಲಿಲ್ಲ ಸರಿ. ನಾನು ಅಂದೆನಾ? "ನಿಮ್ಮಜ್ಜ ತೊಗಲು ತೊಳೆದ" ಅಂದೆ.

ಟೀ ಕುಡಿಯೋಕೆ ಕೂತಾಗ ಅವನು ಒಂದು ಸಂಗತಿ ಹೇಳಿದ. ಅಂಗಡಿಗೆ ಒಬ್ಬ ಗಿರಾಕಿ ಹೊಸ ಕಾರು ತಂದಿದ್ದನಂತೆ, ದೊಡ್ಡದು. ಪಕ್ಕದಲ್ಲೇ ನಿಂತು ಮಾತಾಡಿಸ್ತಾ, ಯಾವೂರು, ಅಪ್ಪ ಏನು ಮಾಡ್ತಾರೆ, "ಯಾವ ಜನ" ಅಂತ ಕೇಳಿದನಂತೆ. ಇವನು ಮುಚ್ಚಿಡಲಿಲ್ಲ, ಹೇಳಿದ. ಗಿರಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗಡೆ ಡ್ಯಾಶ್‌ಬೋರ್ಡ್ ಮೇಲಿರೋ ಗಣಪತಿನ ಮುಟ್ಟಬೇಡಪ್ಪ, ನಾನೇ ತೆಗಿತೀನಿ" ಅಂದ. ತೆಗೆದು ಕರ್ಚೀಫಲ್ಲಿ ಸುತ್ತಿ ಇಟ್ಟುಕೊಂಡ. ಇವನು ಆರು ಗಂಟೆ ಕಾರು ಉಜ್ಜಿದ. ಕ್ಲೇ ಮಾಡಿದ, ಪಾಲಿಶ್ ಮಾಡಿದ, ವ್ಯಾಕ್ಸ್ ಹಾಕಿದ. ಕೊನೆಗೆ ಗಿರಾಕಿ ಬಾಟಲಿ ನೀರು ಅಂಗೈಗೆ ಸುರ್ಕೊಂಡು ಏನೋ ಮಣಮಣ ಅಂದು ಸ್ಟೇರಿಂಗ್‌ಗೆ, ಸೀಟಿಗೆ, ಬಾನೆಟ್‌ಗೆ ಚಿಮುಕಿಸಿದ.

"ನೀನೇನು ಅಂದೆ?" ನನಗೆ ರಕ್ತ ಕುದೀತಿತ್ತು. ದೂರು ಬರೆಯೋಕೆ ಮನಸ್ಸಿನಲ್ಲೇ ಪೆನ್ನು ತೆಗೆದಿದ್ದೆ.

"ಸರ್, ಬಿಸಿಲಲ್ಲಿ ನೀರು ಹಂಗೇ ಒಣಗಿದ್ರೆ ಉಪ್ಪಿನ ಕಲೆ ಕೂರುತ್ತೆ, ಒರೆಸ್ಕೊಳ್ಳಿ ಅಂತ ಬಟ್ಟೆ ಕೊಟ್ಟೆ."

ನಕ್ಕುಬಿಟ್ಟೆ. ಅವನೂ ನಕ್ಕ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗೆಳೆಯರೇ, ಆ ಬೊಗಸೆ ನೀರು ಹೊಸದಲ್ಲ. 1927ರ ಮಾರ್ಚ್ 20ರಂದು ಮಹಾಡದ ಚೌಡಾರ ಕೆರೆಯ ನೀರನ್ನ ಬಾಬಾಸಾಹೇಬರು ಮುಟ್ಟಿ ಕುಡಿದರು. ಆಮೇಲೆ ಅಲ್ಲಿನ ಸವರ್ಣೀಯರು 108 ಮಡಕೆ ಪಂಚಗವ್ಯ ಸುರಿದು ಕೆರೆ "ಶುದ್ಧ" ಮಾಡಿದರು. ಸಗಣಿ, ಗಂಜಲ ಬೆರೆಸಿದರೆ ಶುದ್ಧ, ಮನುಷ್ಯ ಬೊಗಸೆ ಒಡ್ಡಿದರೆ ಅಶುದ್ಧ. ಗಾಡಿ ಮೈಲಿಗೆಯೂ ಹೊಸದಲ್ಲ. 1901ರಲ್ಲಿ ಬಾಲಕ ಭೀಮರಾವ್ ಅಪ್ಪನನ್ನ ನೋಡೋಕೆ ಕೋರೆಗಾಂವ್‌ಗೆ ಹೊರಟು ಮಸೂರು ಸ್ಟೇಷನ್ನಲ್ಲಿ ಇಳಿದಾಗ ಎತ್ತಿನಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅದೂ ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ ಅನ್ನೋ ಕರಾರಿನ ಮೇಲೆ. ಇದನ್ನ ಅವರೇ "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬರೆದಿದ್ದಾರೆ. ಅಷ್ಟು ಹಿಂದಕ್ಕೇ ಹೋಗಬೇಕಾ? 2022ರಲ್ಲಿ ನಮ್ಮ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರ ಕೋಲು ಮುಟ್ಟಿದ ಅಂತ ಒಬ್ಬ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದ್ದರು.

ಕೊಳೆಗೂ ಮೈಲಿಗೆಗೂ ಇರೋ ವ್ಯತ್ಯಾಸ ನನಗೆ ಅವತ್ತು ಬೇವಿನ ಮರದ ಕೆಳಗೆ ಕೈಗೆ ಸಿಕ್ಕಿತು. ಕೊಳೆ ಅಂದರೆ ನಿಜವಾಗಿ ಇರೋದು. ಎಲ್ಲಿಂದ ಬಂತು ಅಂತ ಹೇಳಬಹುದು, ಕೈಯಲ್ಲಿ ಮುಟ್ಟಿ ನೋಡಬಹುದು, ತೆಗೆದದ್ದನ್ನ ಕ್ಲೇ ಮೇಲೆ ತೋರಿಸಬಹುದು, ತೆಗೆದ ಮೇಲೆ ಹೋಗುತ್ತೆ. ಮೈಲಿಗೆ ಅನ್ನೋದು ಕಾರಿನ ಮೇಲೆ ಇಲ್ಲ, ಕೆರೆಯಲ್ಲಿ ಇಲ್ಲ, ನಮ್ಮ ಹುಡುಗನ ಕೈಯಲ್ಲೂ ಇಲ್ಲ. ಅದು ನೀರು ಚಿಮುಕಿಸೋನ ತಲೆಯಲ್ಲಿದೆ. ಅದಕ್ಕೇ ಎಷ್ಟು ಸಾವಿರ ವರ್ಷ ಚಿಮುಕಿಸಿದರೂ ಹೋಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನನ್ನ ಮಾಮೂಲಿ ಪೋಸ್ಟ್ ಆಗ್ತಿತ್ತು, ನೀವೂ ಕೈ ಎತ್ತಿ ಜೈಭೀಮ್ ಅಂತಿದ್ರಿ. ಆದರೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ನನ್ನ ಮೈ ಮೇಲೂ ಒಂದು ಸಲ ಕೈ ಆಡಿಸಬೇಕಲ್ಲ? ಇಪ್ಪತ್ತು ವರ್ಷದಿಂದ ಬಾಬಾಸಾಹೇಬರನ್ನ ಓದ್ತಿದೀನಿ. ಜಾತಿ ಅಂದರೆ ಕೆಲಸ ಹಂಚೋದಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಒಡೆದು ಹಾಕೋದು ಅಂತ ಅವರು 1936ರಲ್ಲೇ ಹೇಳಿದ್ದನ್ನ ಎಷ್ಟು ವೇದಿಕೆಯಲ್ಲಿ ಹೇಳಿದೀನೋ ಲೆಕ್ಕ ಇಲ್ಲ. ಆದರೂ ನೀರು, ಬಟ್ಟೆ, ಉಜ್ಜೋದು ಅಂತ ಕೇಳಿದ ತಕ್ಷಣ ನನಗೆ ಅದು ಕೀಳಾಗಿ ಕಂಡಿತು. ಟೈ ಕಟ್ಟಿಕೊಂಡು ಅದೇ ಸಂಬಳಕ್ಕೆ ಎಲ್ಲೋ ಕೂತಿದ್ದರೆ ನಾನು ಹೆಮ್ಮೆಯಿಂದ ಫೋಟೋ ಹಾಕ್ತಿದ್ದೆ. ಆ ತರಿ ನನ್ನೊಳಗೆ ಯಾವಾಗ ಚುಚ್ಚಿಕೊಂಡಿತು ಅಂತ ನನಗೇ ಗೊತ್ತಿಲ್ಲ. ಮೇಲೆ ನೀಲಿ ಬಣ್ಣ ಹೊಳೀತಿತ್ತಲ್ಲ, ಕಾಣಲಿಲ್ಲ.

ಹಂಗಂತ ನಾನು ಪೂರ್ತಿ ಸೋತಿಲ್ಲ. ಕೇಳಿದೆ. "ಮಗ, ನಿಮ್ಮ ಅಂಗಡಿ ಮಾಲೀಕ ಯಾರು? ದಿನವಿಡೀ ನೀರಲ್ಲಿ ನಿಂತು ಗಾಲಿ ತೊಳೆಯೋ ಹುಡುಗರು ಯಾರು? ಆ ಕೆಮಿಕಲ್ಲಿಗೆ ಗ್ಲೌಸ್ ಕೊಡ್ತಾರಾ?"

"ತೊಳೆಯೋರು ನಮ್ಮೋರು, ಉತ್ತರದ ಕಡೆಯಿಂದ ಬಂದೋರು. ಗ್ಲೌಸ್ ನಾವು ಗಲಾಟೆ ಮಾಡಿದ ಮೇಲೆ ಕೊಟ್ರು. ಚಿಕ್ಕಪ್ಪ, ಇದನ್ನ ಕೇಳಿ. ಇದನ್ನ ಜೋರಾಗೇ ಕೇಳಿ. ಕೆಲಸನ ಬೈಬೇಡಿ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮಪ್ಪನಿಗೆ ಬೇರೆ ಕೆಲಸ ಮಾಡೋ ದಾರಿಯೇ ಇರಲಿಲ್ಲ. ಇವನು ಆರಿಸಿಕೊಂಡ, ಕಲಿತ, ಕೂಲಿ ಕೇಳಿ ತಗೋತಾನೆ, ಬೇಡ ಅನ್ನಿಸಿದರೆ ಬಿಡ್ತಾನೆ. ನಾವು ಹೋರಾಡಿದ್ದು ಇದಕ್ಕೇ ಇರಬೇಕು. ಹಳೇ ಕೆಲಸ, ಹೊಸ ಕೆಲಸ ಅನ್ನೋದಕ್ಕಿಂತ ಬಿಡೋ ಸ್ವಾತಂತ್ರ್ಯ ದೊಡ್ಡದು.

ಸೋಮವಾರ ಆಫೀಸಿಗೆ ಕಾರು ತಗೊಂಡು ಹೋದೆ. ಸಹೋದ್ಯೋಗಿಯೊಬ್ಬರು ಸುತ್ತ ಬಂದು ನೋಡಿದರು. "ಏನ್ರೀ, ಹೊಸ ಪೇಂಟಾ?" ಪೇಂಟ್ ಅಲ್ಲ ಸಾರ್, ನಮ್ಮಣ್ಣನ ಮಗ ಕ್ಲೇ ಮಾಡಿಕೊಟ್ಟ ಅಂದೆ. ಅವರು ಒಳ್ಳೆ ಮನಸ್ಸಿಂದಲೇ ಅಂದರು: "ಬಿಡಿ, ಈ ಥರ ಕೆಲಸ ನಿಮ್ಮ ಜನಕ್ಕೆ ಚೆನ್ನಾಗಿ ಕೈ ಹಿಡಿಯುತ್ತೆ."

ನೋಡಿ, ಹೊಳೆಯೋ ಮೇಲ್ಮೈ ಕೆಳಗಿನ ತರಿ. ಕೆಟ್ಟ ಮಾತಿಲ್ಲ, ಬೈಗುಳ ಇಲ್ಲ. ಮೊದಲಾಗಿದ್ದರೆ ಒಂದೋ ಜಗಳ ಆಡ್ತಿದ್ದೆ, ಇಲ್ಲ ನುಂಗಿಕೊಂಡು ರಾತ್ರಿ ಪೋಸ್ಟ್ ಹಾಕ್ತಿದ್ದೆ. ಅವತ್ತು ಕ್ಲೇ ಹಿಡಿದಂಗೇ ಮೆಲ್ಲಗೆ ಹೇಳಿದೆ. "ಜನಕ್ಕಲ್ಲ ಸಾರ್, ಕಲಿತೋರಿಗೆ ಕೈ ಹಿಡಿಯುತ್ತೆ. ಎಂಟು ತಿಂಗಳು ಕಲಿತಿದ್ದಾನೆ. ನಿಮ್ಮ ಮಗನೂ ಕಲಿತರೆ ಬರುತ್ತೆ, ಕಳಿಸ್ತೀರಾ?" ಅವರು ಮಾತಾಡಲಿಲ್ಲ. ಮಧ್ಯಾಹ್ನ ಬಂದು "ನಾನು ಆ ಅರ್ಥದಲ್ಲಿ ಹೇಳಲಿಲ್ಲ" ಅಂದರು. ಗೊತ್ತು ಸಾರ್, ಅದಕ್ಕೇ ಹೇಳಿದೆ ಅಂದೆ. ಒಂದೇ ಸಲಕ್ಕೆ ಹೋಗಲ್ಲ. ಮಡಚಿ, ನಾದಿ, ಇನ್ನೊಮ್ಮೆ ಆಡಿಸಬೇಕು.

ಕಾರು ಇರೋ ಗೆಳೆಯರಿಗೆ ಹುಡುಗ ಹೇಳಿಕೊಟ್ಟ ನಾಲ್ಕು ಮಾತು. ಕ್ಲೇ ವರ್ಷಕ್ಕೆ ಒಂದೋ ಎರಡೋ ಸಲ ಸಾಕು, ಅದೂ ಕವರ್ ಪರೀಕ್ಷೆಯಲ್ಲಿ ತರಿ ಸಿಕ್ಕರೆ ಮಾತ್ರ. ಒಣ ಮೈ ಮೇಲೆ ಎಂದೂ ಆಡಿಸಬೇಡಿ. ಬಾಗಿಲಿನ ಕೆಳಭಾಗ ಕೊನೆಗೆ ಮಾಡಿ, ಅಲ್ಲೇ ಕೊಳೆ ಜಾಸ್ತಿ. ಇದರಿಂದ ಗೀರು ಹೋಗಲ್ಲ. ಕಪ್ಪು ಕಾರಾದರೆ ಸಣ್ಣ ಮಂಕು ಬರಬಹುದು, ಆಮೇಲೆ ಪಾಲಿಶ್ ಬೇಕಾಗುತ್ತೆ. ಕ್ಲೇ ಆದಮೇಲೆ ಹಳೇ ವ್ಯಾಕ್ಸ್ ಉಳಿದಿರಲ್ಲ, ಬಣ್ಣ ಬೆತ್ತಲೆ ಆಗಿರುತ್ತೆ, ಅವತ್ತೇ ಹೊಸ ವ್ಯಾಕ್ಸ್ ಹಾಕಿ. ಬರೀ ಕೊಳೆ ತೆಗೆದು ಬಿಟ್ಟರೆ ಇನ್ನೂ ಬೇಗ ಕೂರುತ್ತೆ. ನಮ್ಮ ಸಂಘಟನೆಗಳಿಗೂ ಈ ಮಾತು ಆಗಿಬರುತ್ತೆ ಅನ್ನಿ.

ಇನ್ನೊಂದು. ಅವನು ಸ್ವಂತ ಅಂಗಡಿ ಹಾಕೋ ಯೋಚನೆಯಲ್ಲಿದ್ದಾನೆ. ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ, ಆದಿಜಾಂಬವ ಅಭಿವೃದ್ಧಿ ನಿಗಮಗಳಲ್ಲಿ ಸ್ವಯಂ ಉದ್ಯೋಗದ ಸಾಲ ಇದೆ. ಬ್ಯಾಂಕುಗಳಲ್ಲಿ ಮುದ್ರಾ ಸಾಲ ಇದೆ, ಶಿಶು ವಿಭಾಗದಲ್ಲಿ 50,000ದವರೆಗೆ. ಇಂಥ ಕೈಕೆಲಸ ಕಲಿತ ನಮ್ಮ ಹುಡುಗರು ನಿಮ್ಮೂರಲ್ಲೂ ಇರ್ತಾರೆ. ಅರ್ಜಿ ಬರೆದುಕೊಡೋದು ನನ್ನಂಥ ಗುಮಾಸ್ತನ ಕೆಲಸ. ಬನ್ನಿ, ಕೂತು ಬರೆಯೋಣ.

ಮುಂದಿನ ಭಾನುವಾರ ಊರಿಗೆ ಹೋದೆ. ನಮ್ಮಣ್ಣನ ಎದುರು ನಿಂತು ಯುಗಾದಿ ಮಾತಿಗೆ ತಪ್ಪಾಯ್ತಣ್ಣ ಅಂದೆ. ಅವನು "ಬಿಡ್ಲಾ, ಊಟ ಮಾಡು ಬಾ" ಅಂದ, ಅಷ್ಟೇ. ಊಟ ಆದಮೇಲೆ ಒಂದು ಸುತ್ತು ಹೋಗಿಬರೋಣ ಬಾ ಅಂತ ಕಾರಿನ ಹತ್ತಿರ ಕರ್ಕೊಂಡು ಹೋದೆ. ಡೋರ್ ಮುಟ್ಟೋ ಮುಂಚೆ ಕೈಯನ್ನ ಪಂಚೆಗೆ ಒರೆಸಿಕೊಂಡ. ಆರಾರು ಸಲ ಸೋಪು ಹಾಕಿ ತೊಳೆಯೋ ಕೈ ಅದು. ನನಗೆ ಗಂಟಲು ಕಟ್ಟಿತು.

"ಮುಟ್ಟಣ್ಣ. ನಿನ್ನ ಮಗ ಉಜ್ಜಿರೋದು."

ಬಾನೆಟ್ ಮೇಲೆ ಅಂಗೈ ಇಟ್ಟ. ಮೆಲ್ಲಗೆ ಆಡಿಸ್ತಾ ಹೋದ, ಈ ಕಡೆಯಿಂದ ಆ ಕಡೆ. ವೈಪರ್ ಹತ್ತಿರ ಕೈ ನಿಂತಿತು. ಬಗ್ಗಿ ನೋಡಿದ.

"ಇಲ್ಲೊಂದು ಉಳಿದೈತೆ ನೋಡ್ಲಾ. ಮುಂದಿನ ವಾರ ಬರ್ಲಿ, ಹೇಳ್ತೀನಿ ಅವನಿಗೆ."

ಜೈಭೀಮ್.